ಗುಡ್ಲು ಕಟ್ಟಿದ ಸೋದರಮಾವ

ಇದರಲ್ಲಿ ಊರಿನ ಹೆಸರಿಲ್ಲ, ಹುಡುಗಿಯ ಹೆಸರೂ ಇಲ್ಲ. ಆ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ. ಮಿಕ್ಕವರ ಹೆಸರುಗಳನ್ನು ಬದಲಿಸಿದ್ದೇನೆ. ಗಾವಡಗೆರೆಯ ಆಸುಪಾಸಿನ ಒಂದು ಹಳ್ಳಿ ಎಂದು ತಿಳಿದರೆ ಸಾಕು. ಆ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ನಾನು.

ಚಿಕ್ಕಬೀರಮ್ಮನಿಗೆ ಅರವತ್ತೆರಡು ವರ್ಷ. ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನಿಂದ ಇಳಿಸಿದ ಹೊಗೆಸೊಪ್ಪನ್ನು ಬೆರಳಲ್ಲಿ ಮುಟ್ಟಿಯೇ ಯಾವ ದರ್ಜೆಯದೆಂದು ಹೇಳಬಲ್ಲವಳು. ಗಂಡ ಬೇಗ ತೀರಿಕೊಂಡ. ಮಗಳೂ ತೀರಿಕೊಂಡಾಗ ಮೊಮ್ಮಗಳಿಗೆ ನಾಲ್ಕು ವರ್ಷ. ಅಳಿಯ ಇನ್ನೊಂದು ಮದುವೆಯಾಗಿ ಕೆ.ಆರ್. ನಗರ ಸೇರಿಕೊಂಡ, ಹಿಂತಿರುಗಿ ನೋಡಲಿಲ್ಲ. ಮನೆಯಲ್ಲಿ ಉಳಿದದ್ದು ಅಜ್ಜಿ, ಮೊಮ್ಮಗಳು ಮತ್ತು ಅಜ್ಜಿಯ ಮಗ ವಸಂತ್.

ಹುಡುಗಿ ದೊಡ್ಡವಳಾದರೆ ನಮ್ಮ ಕಡೆ ಸೋದರಮಾವನೇ ಹಸಿ ಸೊಪ್ಪು ತಂದು ಗುಡ್ಲು ಕಟ್ಟಬೇಕು, ಹುಡುಗಿಯನ್ನು ಅದರೊಳಗೆ ಕೂರಿಸುತ್ತಾರೆ. ಈ ಹುಡುಗಿಗೂ ವಸಂತನೇ ಕಟ್ಟಿದ. ಅವತ್ತಿನ ಊಟಕ್ಕೆ ನಾನೂ ಹೋಗಿದ್ದೆ.

ಅದಾಗಿ ಮೂರು ವರ್ಷಕ್ಕೆ, ಹದಿನಾರರ ಆ ಹುಡುಗಿ ಸೊಪ್ಪು ವಿಂಗಡಿಸುತ್ತಿದ್ದ ಅಜ್ಜಿಯ ಪಕ್ಕ ಕೂತು, ಮಾವ ತನ್ನ ಮೇಲೆ ಅತ್ಯಾಚಾರ ಮಾಡಿದ್ದನ್ನು ಹೇಳಿದಳು.

ಚಿಕ್ಕಬೀರಮ್ಮ ದಿಕ್ಕು ತೋಚದೆ ಊರಿನ ಯಜಮಾನ ಸಣ್ಣಬೀರಯ್ಯನ ಜಗಲಿಗೆ ಹೋದಳು. ಹನ್ನೊಂದು ಜನ ಸೇರಿದೆವು. ತೀರ್ಮಾನಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಸೋದರಮಾವ ತಾನೆ, ವರಸೆ ಸರಿಯಾಗೇ ಅದೆ," ಎಂದ ಸಣ್ಣಬೀರಯ್ಯ. "ಹದ್ನೆಂಟು ತುಂಬ್ತಿದ್ದಂಗೆ ತಾಳಿ ಕಟ್ಸಿದ್ರಾಯ್ತು ಬುಡು."

ಥೂ! ಚಿಕ್ಕಪ್ಪನೋ ಅಣ್ಣನೋ ಇದೇ ಕೆಲಸ ಮಾಡಿದ್ದರೆ ಇದೇ ಜನ ಅವನನ್ನು ಕಂಬಕ್ಕೆ ಕಟ್ಟುತ್ತಿದ್ದರು. ಮದುವೆಯಾಗಬಹುದಾದ ನಂಟು ಎಂಬ ಒಂದೇ ಕಾರಣಕ್ಕೆ ಅತ್ಯಾಚಾರ ಇಲ್ಲಿ ನಿಶ್ಚಿತಾರ್ಥವಾಯಿತು. ಹುಡುಗಿಯನ್ನು ಒಂದು ಮಾತು ಕೇಳಿದವರಿಲ್ಲ. ಅಲ್ಲೇ ಕೂತಿದ್ದ ನಾನೂ ತುಟಿ ಬಿಚ್ಚಲಿಲ್ಲ.

ಚಿಕ್ಕಬೀರಮ್ಮನೂ ತಲೆಯಾಡಿಸಿ ಬಂದಳು. ಮಗನೂ ಉಳಿಯುತ್ತಾನೆ, ಮೊಮ್ಮಗಳ ಮಾನವೂ ಉಳಿಯುತ್ತದೆ ಅಂದುಕೊಂಡಳು. ಹುಡುಗಿ ಒಂದು ವಾರ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಬಾಯಿ ಬಿಟ್ಟಳು.

"ಗುಡ್ಲು ಕಟ್ಟಿದ್ ದಿನ, ಮಾವ ಅಂದ್ರೆ ನಿಮ್ಮವ್ವನ ಬದ್ಲು ಕಣವ್ವಾ ಅಂತ ನೀನೇ ಅಂದಿದ್ದೆ. ಈಗ ಅವನ್ನೇ ಕಟ್ಕೊ ಅಂತೀಯಲ್ಲ ಅಜ್ಜಿ, ಅವ್ವ ಇದ್ದಿದ್ರೆ ಅಂಗಂತಿದ್ಲಾ?"

ಅಜ್ಜಿ ಎದ್ದು ಸೀರೆ ಬದಲಿಸಿ, ಮೊಮ್ಮಗಳ ಕೈ ಹಿಡಿದು ಹುಣಸೂರಿನ ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋದಳು. ಪೋಕ್ಸೊ ಕಾಯ್ದೆಯಲ್ಲಿ ಕೇಸಾಗಿ ವಸಂತ್ ಜೈಲು ಸೇರಿದ. ಹೆತ್ತ ಮಗನನ್ನೇ ಹಿಡಿದುಕೊಟ್ಟವಳು ಎಂದು ಊರು ಅವಳನ್ನು ಸೊಪ್ಪಿನ ಕೆಲಸಕ್ಕೆ ಕರೆಯುವುದನ್ನು ಬಿಟ್ಟಿತು.

ಮೈಸೂರಿನ ಕೋರ್ಟಿನಲ್ಲಿ ವಸಂತನ ವಕೀಲರು ಹಿಡಿದುಕೊಂಡದ್ದೂ ಅದೇ ವರಸೆಯನ್ನು. ಸೋದರಮಾವನಿಗೆ ಹೆಣ್ಣು ಕೊಡುವುದು ನಿಮ್ಮ ಪದ್ಧತಿಯಲ್ಲವೇ, ಇವಳು ಅವನಿಗೇ ಎಂದುಕೊಂಡು ತಾನೇ ಅವನ ಕೈಲಿ ಗುಡ್ಲು ಕಟ್ಟಿಸಿದ್ದು ಎಂದು ಸಾಕ್ಷಿಕಟ್ಟೆಯಲ್ಲಿ ನಿಂತ ಅಜ್ಜಿಯನ್ನು ಕೇಳಿದರು.

"ಕಟ್ಟಿಸ್ದೆ ಸ್ವಾಮಿ," ಎಂದಳು ಚಿಕ್ಕಬೀರಮ್ಮ. "ಮಗೀನ ಕಾಯ್ಲಿ ಅಂತ ಕಟ್ಟಿಸ್ದೆ."

ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಮದುವೆಗೆ ಪದ್ಧತಿ ಏನೇ ಹೇಳಲಿ, ಮಗುವನ್ನು ಕೆಡಿಸಿದವನಿಗೆ ನೆಂಟಸ್ತಿಕೆ ರಿಯಾಯಿತಿಯಲ್ಲ, ಮನೆಯವನೇ ಆದ್ದರಿಂದ ಅಪರಾಧ ಇನ್ನೂ ಘೋರ ಎಂದರು ನ್ಯಾಯಾಧೀಶರು. ಜಗಲಿಯಲ್ಲಿ ಅವನನ್ನು ಉಳಿಸಿದ್ದ ನಂಟೇ ಅಲ್ಲಿ ಅವನ ಶಿಕ್ಷೆಯನ್ನು ಹೆಚ್ಚಿಸಿತು.

ತೀರ್ಪಿನ ದಿನ ನಾನೂ ಹೋಗಿದ್ದೆ, ನಾಚಿಕೆ ತಡೆಯಲಾರದೆ. ಹೊರಗಿನ ಬೆಂಚಿನಲ್ಲಿ ಚಿಕ್ಕಬೀರಮ್ಮ ಮಗನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ಮೊಮ್ಮಗಳು ನೀರು ತಂದುಕೊಟ್ಟಳು. ಅಜ್ಜಿ ಕುಡಿದು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ಅವತ್ತು ಜಗಲೀಲಿ ಎಲ್ಲಾ ಗೊತ್ತಿದ್ದೂ ಬಾಯ್ ಮುಚ್ಕೊಂಡ್ ಕುಂತಿದ್ರಲ್ಲ ನೀವೆಲ್ಲ, ಅದಕ್ಕೂ ಕಾನೂನ್ನಾಗೆ ಏನಾರ ಅದಾ?"

ಇದೆ ಎಂದೆ. ತಿಳಿದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ.

ನಮ್ಮ ಹನ್ನೊಂದು ಜನರಲ್ಲಿ ಒಬ್ಬನನ್ನೂ ಇದುವರೆಗೆ ಯಾರೂ ಕರೆದು ಕೇಳಿಲ್ಲ. ಅದಕ್ಕೇ ನಾನೇ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.