ತಿಳಿಯಿತು ಎಂಬ ಗುಂಡಿ

ಗಣಿ ದುಡ್ಡಿನಲ್ಲಿ ಬಳ್ಳಾರಿ ಉಬ್ಬುತ್ತಿದ್ದ ವರ್ಷಗಳವು. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ ಗಂಟಲು ಕೆಡಿಸಿಕೊಂಡಿದ್ದ ನಾನು, ಶಾಲೆ ಬಿಟ್ಟು ಬಳ್ಳಾರಿಯ ಕಂಪನಿಯೊಂದನ್ನು ಸೇರಿದೆ. ಇಂಟರ್ನೆಟ್ಟಿನಲ್ಲಿ ಕಲಿಯುವ ಪಾಠಗಳನ್ನು ರೂಪಿಸುವುದು ನನ್ನ ಕೆಲಸ. ಮಾಲೀಕ ಅದಿರು ಲಾರಿಗಳ ಧಣಿ. ಪಾಠವನ್ನೂ ಲೋಡಿನ ಹಾಗೆಯೇ ಕೇಳುತ್ತಿದ್ದ: "ಇವತ್ತೆಷ್ಟು ಹೊಂಟ್ವು ಮೇಷ್ಟ್ರ?" ಅವನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಪ್ರತಿ ಪಾಠದ ಕೊನೆಗೆ ನಾನು ಎರಡು ಗುಂಡಿ ಇಟ್ಟಿದ್ದೆ: ‘ತಿಳಿಯಿತು’, ‘ತಿಳಿಯಲಿಲ್ಲ’. ತಿಳಿಯಲಿಲ್ಲ ಎಂದು ಒತ್ತಿದವರಿಗೆ ಅದೇ ಪಾಠ ಇನ್ನಷ್ಟು ಸರಳವಾಗಿ ತೆರೆದುಕೊಳ್ಳುತ್ತಿತ್ತು. ಅದಕ್ಕಾಗಿ ತಿಂಗಳುಗಟ್ಟಲೆ ಒದ್ದಾಡಿದ್ದೆ.

ಕುರುಗೋಡಿನ ಶಾಲೆಯೊಂದರಲ್ಲಿ ಅದನ್ನು ಪರೀಕ್ಷಿಸಲು ಮಾಲೀಕನೂ ನಾನೂ ಹೋದೆವು. ನೆಟ್ಟು ಎಷ್ಟು ನಿಧಾನವಿತ್ತೆಂದರೆ ಪಾಠ ತೆರೆಯಲೇ ಇಲ್ಲ. ಖಾಲಿ ಪರದೆಯ ಕೆಳಗೆ ಆ ಎರಡು ಗುಂಡಿಗಳಷ್ಟೇ ಬಂದವು. ಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ‘ತಿಳಿಯಿತು’ ಒತ್ತಿದರು. ಮಾಲೀಕ ಚಪ್ಪಾಳೆ ತಟ್ಟಿದ.

ನಾನು ಒಬ್ಬ ಹುಡುಗಿಯನ್ನು ಕೇಳಿದೆ: "ಪಾಠಾನ ಬಂದಿಲ್ಲ, ಏನ್ ತಿಳೀತವ್ವಾ ನಿನಗ?"

ಅವಳು ತನ್ನ ಮೇಷ್ಟ್ರ ಕಡೆ ನೋಡಿದಳು. "ತಿಳೀಲಿಲ್ಲ ಅಂದ್ರ ಬೈತಾರ್ರಿ."

ನಾನು ಆ ಮೇಷ್ಟ್ರ ಮೇಲೆ ಹರಿಹಾಯ್ದೆ: "ಹಿಂಗೇನ್ರಿ ಮಕ್ಕಳಿಗೆ ಕಲಸೋದು? ನಾಚಿಕಿ ಆಗಂಗಿಲ್ಲೇನು?"

ಆತ ಕೈಕಟ್ಟಿ ನಿಂತೇ ನಕ್ಕ.

"ಗುರ್ತು ಸಿಗಲಿಲ್ಲೇನ್ರಿ ಸರ? ಕರೂರಾಗ ನಿಮ್ಮ ಕೈಯಾಗ ಕಲ್ತಾಂವ ನಾನು. ತಿಳೀಲಿಲ್ಲ ಅಂದದ್ದಕ್ಕ ದಿನಪೂರ್ತಿ ಬೆಂಚಿನ ಮ್ಯಾಲ ನಿಲ್ಲಿಸಿದ್ರಲ್ರಿ."