ಕೊಳಕಿಗೆ ಸಿಕ್ಕ ಸರ್ಟಿಫಿಕೇಟ್

ನನ್ನ ಗಂಡನಿಗೆ ಅಂಗವಿಕಲರ ಮಾಸಾಶನ ಕೊಟ್ಟದ್ದು ಅವನ ಕಾಯಿಲೆ ನೋಡಿ ಅಲ್ಲ. ಅವನ ಕೊಳಕು ನೋಡಿ.

ಮೊದಲು ನಡುಗಿದ್ದು ಕೈ. ತಿಗನಾರೆಯ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವನು ಕುಡುಗೋಲು ಬಿಟ್ಟು ಎದೆ ಹಿಡಿದು ಕೂತ. "ಆನೆ ಬಂತು ಕಣಮ್ಮಿ" ಎಂದ. ನಡು ಮಧ್ಯಾಹ್ನ. ಆನೆಯಿರಲಿ, ಕಾಗೆಯೂ ಇರಲಿಲ್ಲ.

ಚಾಮರಾಜನಗರದ ಡಾಕ್ಟರು ಇಸಿಜಿ ತೆಗೆಸಿದರು. ಹಾರ್ಟ್ ವೀಕ್, ಅದರ ಮೇಲೆ ಭಯದ ಕಾಯಿಲೆ ಎಂದರು. ಮಾತ್ರೆ ನುಂಗಿದರೆ ನಡುಕ ಕಡಿಮೆ. ಆದರೂ ಒಬ್ಬನೇ ಇರಲಾರ. ನಾನು ಕೂಲಿ ಬಿಟ್ಟೆ. ಮಾಸಾಶನ ಬಂದರೆ ಅವನ ಹತ್ತಿರ ಇರಬಹುದು. ಬಾರದಿದ್ದರೆ ಅವನನ್ನು ಒಳಗೆ ಕೂಡಿ, ಹೊರಗಿನಿಂದ ಚಿಲಕ ಹಾಕಿ ಕೂಲಿಗೆ ಹೋಗಬೇಕು.

ನಮ್ಮೂರಿನ ಮಾತು ಕನ್ನಡವಾದರೂ ಊರು ಸೇರಿದ್ದು ತಮಿಳು ಸೀಮೆಗೆ. ಚಾಮರಾಜನಗರದ ಚೀಟಿ ಬೇರೆ ರಾಜ್ಯದ್ದು, ನಡೆಯುವುದಿಲ್ಲ ಎಂದರು ಆಫೀಸಿನಲ್ಲಿ. ಘಟ್ಟದ ಕೆಳಗಿನ ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟೇ ಬೇಕಂತೆ.

ದೊಡ್ಡವರ ಮುಂದೆ ಶುದ್ಧವಾಗಿ ಹೋಗಬೇಕು ಎಂದೇ ನಾನು ತಿಳಿದಿದ್ದೆ. ಕ್ಷೌರ ಮಾಡಿಸಿದೆ. ನೀರು ಹುಯ್ದೆ. ಮೊಮ್ಮಗನ ನಾಮಕರಣಕ್ಕೆ ತಂದ ಬಿಳಿ ಪಂಚೆ ಉಡಿಸಿದೆ. ಬಸ್ಸಿನಲ್ಲಿ ಹೆದರದಿರಲಿ ಎಂದು ಮಾತ್ರೆಯನ್ನೂ ಕೊಟ್ಟೆ.

ಘಟ್ಟದ ಕೆಳಗಿನ ಡಾಕ್ಟರು ತಲೆ ಎತ್ತಿ ತಮಿಳಿನಲ್ಲಿ ಕೇಳಿದರು: "ಕೈಯಿದೆ, ಕಾಲಿದೆ. ಮದುಮಗನ ಹಾಗಿದ್ದಾನೆ. ಊನ ಎಲ್ಲಿ?"

"ಭಯ ಸ್ವಾಮಿ."

"ಭಯಕ್ಕೆಲ್ಲ ಸರ್ಟಿಫಿಕೇಟಾ? ಹಾಗಾದರೆ ಮೊದಲು ನನಗೆ ಬೇಕು. ನೀನು ನನ್ನ ಹೆಂಡತಿಯನ್ನು ನೋಡಿಲ್ಲ."

ಕಾಂಪೌಂಡರ್ ನಕ್ಕ. ದೊಡ್ಡವರು ನಕ್ಕರೆಂದು ನನ್ನ ಗಂಡನೂ ನಕ್ಕ. ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ಸಿದ್ದಮ್ಮ ಬೈದಳು. "ಇಂಗೆ ಸಿಂಗಾರ ಮಾಡಿ ಕರ್ಕೊಂಡೋದ್ರೆ ಎಣ್ಣು ಕೊಟ್ಟಾರು ಕಣಕ್ಕ, ಪಿಂಚಣಿ ಕೊಟ್ಟಾರ? ಎಂಟು ದಿನ ನೀರು ಮುಟ್ಟಿಸ್ಬೇಡ. ಮಾತ್ರೆನೂ ಬುಟ್ಬುಡು."

ಬಿಟ್ಟೆ.

ಮೂರನೇ ದಿನ ಅವನೇ ಕೇಳಿದ. "ಮಾತ್ರೆ ಎಲ್ಲಮ್ಮಿ?"

"ಮುಗುದೋಯ್ತು" ಎಂದೆ. ಮಾತ್ರೆ ನನ್ನ ಸೆರಗಿನ ಗಂಟಿನಲ್ಲೇ ಇತ್ತು.

ಎಂಟನೇ ದಿನ ಬಸ್ಸು ದಿಂಬಂ ಘಟ್ಟದ ತಿರುವು ಇಳಿಯುವಾಗ ಅವನು ಅದೇ ಸೆರಗು ಹಿಡಿದುಕೊಂಡು ಪಂಚೆಯಲ್ಲೇ ಉಚ್ಚೆ ಹುಯ್ದುಕೊಂಡ. ಮುಂದಿನ ಸೀಟಿನವರು ಎದ್ದು ಹೋದರು. ಅದೇ ಡಾಕ್ಟರು ಮೂಗು ಮುಚ್ಚಿಕೊಂಡು, ಒಂದು ಮಾತೂ ಕೇಳದೆ ಸಹಿ ಹಾಕಿದರು. ಹೋದ ಸಲದ ಮದುಮಗ ಇವನೇ ಎಂದು ಅವರಿಗೆ ಗುರುತೂ ಸಿಗಲಿಲ್ಲ.

ಅಸಹ್ಯ. ಅವರದ್ದು ಹಾಗಿರಲಿ, ನನ್ನದೂ. ಕಾಯಿಲೆ ಎರಡು ವರ್ಷದಲ್ಲಿ ತೆಗೆಯದ ಅವನ ಮಾನವನ್ನು ನಾನು ಎಂಟು ದಿನದಲ್ಲಿ ತೆಗೆದೆ. ಈಗ ಮಾಸಾಶನ ಬರುತ್ತಿದೆ, ಅವನ ಜೊತೆ ಮನೆಯಲ್ಲಿದ್ದೇನೆ, ಚಿಲಕ ಹಾಕುವ ಕೆಲಸ ತಪ್ಪಿತು. ಅಷ್ಟಕ್ಕೆ ಕೈ ಮುಗಿಯುತ್ತೇನೆ. ಯಾರಿಗೆ ಎಂದು ಕೇಳಬೇಡಿ.

ಸಹಿಯಾದ ಮರುದಿನ ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿದೆ. ಸೆರಗಿನ ಗಂಟು ಬಿಚ್ಚಿ ಮಾತ್ರೆ ಕೊಟ್ಟೆ.

"ಮುಗುದೋಗಿತ್ತಲ್ಲಮ್ಮಿ?" ಎಂದ.

ಸೀಗೆಕಾಯಿ ಹಾಕಿ ತಲೆ ಉಜ್ಜಿದೆ, ಎರಡು ಸಲ ನೀರು ಹುಯ್ದೆ. ಬಿಳಿ ಪಂಚೆ ಉಡಿಸಿ, ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಕೂರಿಸಿದೆ.

ಸಿದ್ದಮ್ಮ ಓಡಿ ಬಂದಳು. "ಒಳಕ್ಕೆ ಕೂರ್ಸಕ್ಕ, ಆಪೀಸಿನವ್ರು ನೋಡಿಬುಟ್ಟಾರು!"

"ನೋಡ್ಲಿ ಬುಡು" ಎಂದು ಅವನ ತಲೆ ಬಾಚಿದೆ.