ಸೊಲ್ಲಿಗೆ ಬಿಟ್ಟ ಜಾಗ

ದೊಡ್ಡಮ್ಮನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಯಾವಾಗಲೂ ಕಪ್ಪಗಿರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿದರೂ, ನಿಂಬೆಹಣ್ಣಿನ ಸಿಪ್ಪೆ ಉಜ್ಜಿದರೂ ಹೋಗದ ಕಪ್ಪು. ಕೊಳ್ಳುವವರ ಕಣ್ಣಿಗೆ ಬೆಳ್ಳಗೆ ಕಾಣುವ ಬೆಳ್ಳಿ, ಒಡವೆ ಮಾಡುವವರ ಕೈಗೆ ಮಸಿ ಹತ್ತಿಸುತ್ತದೆಂದು ನನಗೆ ತಿಳಿದದ್ದು ಆ ಬೆರಳುಗಳನ್ನು ನೋಡಿಯೇ. ಮೆಣಸುಕಾಳಿನಷ್ಟು ಸಣ್ಣ ಗೆಜ್ಜೆಯನ್ನು ಆ ಎರಡು ಬೆರಳ ನಡುವೆ ಹಿಡಿದು, ಇನ್ನೊಂದು ಕೈಯ ಚಿಮುಟದಿಂದ ಕಾಲುಗೆಜ್ಜೆಯ ಕೊಂಡಿಗೆ ಸಿಕ್ಕಿಸುತ್ತಾ, ತುಟಿ ಅಲ್ಲಾಡಿಸದೆ ಗಂಟಲಲ್ಲೇ ಏನನ್ನೋ ಗುನುಗುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ದೊಡ್ಡಪ್ಪನ ಮುಖ ನನಗೆ ನೆನಪಿಲ್ಲ, ಅಷ್ಟು ಹಿಂದೆಯೇ ತೀರಿಕೊಂಡಿದ್ದರು. ಆಮೇಲೆ ಅವಳು ಹೊಗೆನಕಲ್ಲಿನ ಹತ್ತಿರ, ಪೆನ್ನಾಗರದ ಕಡೆಯ ನಮ್ಮ ಕನ್ನಡದ ಹಳ್ಳಿ ಬಿಟ್ಟು ಸೇಲಂಗೆ ಬಂದು, ಬೆಳ್ಳಿ ಕೊಲುಸು, ಅಂದರೆ ಕಾಲುಗೆಜ್ಜೆ, ಮಾಡುವವರ ಬೀದಿಯಲ್ಲಿ ಒಂದು ಹೆಂಚಿನ ಮನೆ ಹಿಡಿದಳು. ಆ ಬೀದಿಯಲ್ಲಿ ಮನೆಮನೆಯೂ ಒಂದು ಪಟ್ಟರೆ, ಬೆಳ್ಳಿ ಕೆಲಸದ ಕಮ್ಮಟ. ಬೆಳಕು ಹರಿದಾಗಿನಿಂದ ರಾತ್ರಿ ಊರು ಮಲಗುವವರೆಗೆ ಟಕಟಕ ಬಡಿಯುವ ಸದ್ದು. ಹಳ್ಳಿಯ ಹುಡುಗಿ ನಾನು, ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿ ಅವಳ ಮನೆಗೆ ಬಂದು ಸೇರಿದಾಗ ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲೆ ಅದು ಮಳೆಯ ಸದ್ದಿನಂತೆ ಕಿವಿಗೆ ಒಗ್ಗಿಹೋಯಿತು.

ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಲೆಕ್ಕ, ಜಗಳ, ಬಸ್ಸು, ಆಸ್ಪತ್ರೆ ಎಲ್ಲ ಅವಳಿಗೆ ತಮಿಳೇ. ಹಾಡುವ ಪದ ಮಾತ್ರ ಕನ್ನಡದ್ದು. ಮಧ್ಯಾಹ್ನ ಹೆಂಚಿನ ನಡುವಿನ ಗಾಜಿನಿಂದ ಬಿಸಿಲಿನ ಕೋಲು ಇಳಿಯುತ್ತಿತ್ತು. ಅದರೊಳಗೆ ಬೆಳ್ಳಿಯ ಧೂಳು ಮೆಲ್ಲಗೆ ಸುತ್ತುತ್ತಿತ್ತು. ನಾನು ಅರೆನಿದ್ದೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡು ಅವಳ ಗುನುಗು ಕೇಳುತ್ತಾ, ಇದು ಸೇಲಂ ಅಲ್ಲ, ಹೊಗೆನಕಲ್ಲಿನ ಹೊಳೆಯ ಮೇಲೆ ಹರಿಗೋಲಿನಲ್ಲಿ ತಿರುಗುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ.

ಅವಳದ್ದೊಂದು ಅಭ್ಯಾಸವಿತ್ತು. ನಾವಿಬ್ಬರೂ ಉಂಡು ಕೈ ತೊಳೆದ ಮೇಲೂ ಪಾತ್ರೆಯಲ್ಲಿ ಒಂದು ಹಿಡಿ ಅನ್ನ ಉಳಿದಿರಬೇಕು. ಟೌನ್ ಬಸ್ಸಿನಲ್ಲಿ ಎಷ್ಟೇ ಖಾಲಿಯಿದ್ದರೂ ಸೀಟಿನ ಅಂಚಿಗೇ ಕೂರುತ್ತಿದ್ದಳು. ಯಾಕೆಂದು ಕೇಳಿದರೆ ಒಂದೇ ಉತ್ತರ: "ಜಾಗ ಬಿಟ್ರೆ ಯಾರಾನ ಬತ್ತಾರೆ, ಕಣ್ಣು." ಕಣ್ಣು ಅನ್ನುವುದು ತಮಿಳರ ಹಾಗೆ ಅವಳು ನನ್ನನ್ನು ಮುದ್ದಿನಿಂದ ಕರೆಯುತ್ತಿದ್ದ ಮಾತು. ಬಹಳ ಸಲ ಯಾರೂ ಬರುತ್ತಿರಲಿಲ್ಲ. ಆ ಅನ್ನವನ್ನು ಮಾರನೆಯ ಬೆಳಿಗ್ಗೆ ನೀರು ಹಾಕಿ ತಾನೇ ಕುಡಿಯುತ್ತಿದ್ದಳು.

ಒಂದು ಕಾಲದಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆಗೆ ದೊಡ್ಡಮ್ಮನೇ ಮುಂದು. ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಸೊಲ್ಲು ಅಂದರೆ ಎಲ್ಲರೂ ಸೇರಿ ತಿರುಗಿ ಹೇಳುವ ಸಾಲು. ದೊಡ್ಡಪ್ಪ ಹೋದ ಮೇಲೆ ಅದೆಲ್ಲ ನಿಂತಿತು. ಹಸೆಯ ಹತ್ತಿರ ಮುತ್ತೈದೆಯರೇ ಹಾಡಬೇಕು, ಗಂಡ ಸತ್ತವಳು ಹಿತ್ತಲಿನಲ್ಲಿ ಒಲೆಯ ಹತ್ತಿರ ಇರಬೇಕು. ಅವಳು ಹಿತ್ತಲಿಗೆ ಹೋದಳು, ಪದಗಳೂ ಅವಳ ಹಿಂದೆಯೇ ಹೋದವು. ಚಪ್ಪರದಲ್ಲಿ ಮೈಕ್‌ಸೆಟ್ಟಿನವನ ತಮಿಳು ಸಿನಿಮಾ ಹಾಡು ಬಂತು. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನನ್ನ ಅಕ್ಕನಿಗೆ ಮದುವೆ ಗೊತ್ತಾಯಿತು. ದೊಡ್ಡಮ್ಮ ಹಾಡದಿದ್ದರೆ ತನ್ನ ಅರಿಸಿನದ ಶಾಸ್ತ್ರಕ್ಕೆ ಯಾರೂ ಬಾಯಿ ತೆರೆಯಬೇಡಿ ಎಂದು ಅಕ್ಕ ಹಟ ಹಿಡಿದಳು. ಶಾಸ್ತ್ರದ ವಿಷಯದಲ್ಲಿ ಮನೆಯಲ್ಲಿ ನಡೆಯುತ್ತಿದ್ದದ್ದು ಸೋದರತ್ತೆಯ ಮಾತು. ಅಪ್ಪನ ಆ ಅಕ್ಕ ಒಮ್ಮೆ ಇಲ್ಲವೆಂದರೆ ಇಲ್ಲ. ಅವಳು ಇಲ್ಲವೆಂದಳು. ಆಗ ನನ್ನ ತಲೆಗೆ ಹೊಳೆಯಿತು: ದೊಡ್ಡಮ್ಮ ಚಪ್ಪರದೊಳಗೆ ಹೋಗಕೂಡದು, ಸರಿ. ಧ್ವನಿಗೆ ಯಾರು ಅಡ್ಡ ನಿಲ್ಲುತ್ತಾರೆ?

ನನ್ನ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಬಂದು, ಹಳೆಯದನ್ನು ಓನರ್ ನನಗೆ ಬಿಟ್ಟುಕೊಟ್ಟಿದ್ದರು. ಅದರ ಜೊತೆಗೇ ಬಂದಿದ್ದ ರೆಕಾರ್ಡರಿನಲ್ಲಿ ಮೊದಲು ಪ್ರಯತ್ನಿಸಿದೆ. ಅದು ಒಂದು ನಿಮಿಷಕ್ಕೆ ತಾನಾಗಿ ನಿಂತುಬಿಡುತ್ತಿತ್ತು. ದೊಡ್ಡಮ್ಮನ ಪದದಲ್ಲಿ ಅಷ್ಟು ಹೊತ್ತಿಗೆ ಮದುಮಗಳು ಇನ್ನೂ ಹರಿಗೋಲಿನಿಂದ ಇಳಿದಿರುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ, ಸಂಜೆಯ ಹೊತ್ತು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿ ಕೊಟ್ಟ. ಅದರಲ್ಲಿ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರುಗಳು ಹಲವು ಇದ್ದವು. ಯಾವುದು ಒಳ್ಳೆಯದೆಂದು ನನಗೇನು ಗೊತ್ತು? ನೋಡಲು ಭರ್ಜರಿಯಾಗಿದ್ದದ್ದನ್ನೇ ಆರಿಸಿದೆ. ಪರದೆಯ ತುಂಬ ಗುಂಡಿಗಳು, ತಿರುಪುಗಳು, ಉದ್ದುದ್ದ ಪಟ್ಟಿಗಳು.

ದೊಡ್ಡಮ್ಮ ಚಿಮುಟ ಕೆಳಗಿಟ್ಟು ಬಗ್ಗಿ ನೋಡಿದಳು. "ಇದೇನು ಪದ ಏಳ್ಸಕ್ಕಾ, ಬಸ್ ಓಡ್ಸಕ್ಕಾ?" ಅಂದಳು. ಆದರೂ ಹಾಡಿದಳು. ಪೂರ್ತಿ ಹಾಡಿದ ಮೇಲೆ ಸೇವ್ ಒತ್ತಿದರೆ ಅದು ಒಪ್ಪಲಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ಅಂತೆ. ನನಗೆ ಅಳು ಬಂತು. ಅವಳಿಗೆ ನಗು. ಕರೆದು ಹಾಡಿಸಿಕೊಂಡು ಇಟ್ಟುಕೊಳ್ಳುವುದಿಲ್ಲವೆನ್ನುವ ಇಂಥ ಮರ್ಯಾದೆಗೆಟ್ಟವರನ್ನು ಬೀಗರಲ್ಲೂ ನೋಡಿಲ್ಲವೆಂದು ನಾಲ್ಕು ದಿನ ಆಡಿಕೊಂಡಳು.

ಕೊನೆಗೆ ಆರಿಸಿದ್ದು ಅವಳೇ. ಒಂದೊಂದನ್ನೂ ತೆರೆದು ತೋರಿಸುತ್ತಾ ಹೋದೆ. ಒಂದರಲ್ಲಿ ಏನೂ ಇರಲಿಲ್ಲ. ಒಂದು ಕೆಂಪು ಗುಂಡಿ, ಒಂದು ಕಪ್ಪು ಗುಂಡಿ, ಪಕ್ಕದಲ್ಲಿ ಒಂದು ಹಸಿರು ಗೆರೆ. ಅವಳು ಏನೋ ಅಂದಳು, ಗೆರೆ ಮೇಲೆದ್ದಿತು. ಸುಮ್ಮನಾದಳು, ಗೆರೆ ಇಳಿಯಿತು. ಮತ್ತೆ ಒಂದು ಸಣ್ಣ ಗುನುಗು, ಗೆರೆ ಚೂರು ಅಲ್ಲಾಡಿತು. ದೊಡ್ಡಮ್ಮನ ಮುಖ ಅರಳಿತು.

"ಇದು ಊಂ ಅಂತೈತೆ ಕಣ್ಣು. ಕತೆ ಏಳೋರ್ಗೆ ಊಂ ಅನ್ನೋರು ಒಬ್ರು ಇರ್ಬೇಕು. ಇದ್ನೇ ಇಟ್ಕೊ."

ಅದನ್ನೇ ಇಟ್ಟುಕೊಂಡೆ. ಅದು ಸೇವ್ ಮಾಡಲು ಒಪ್ಪಿತು, ಒಂದು ನಿಮಿಷಕ್ಕೆ ನಿಲ್ಲಲೂ ಇಲ್ಲ.

ಇನ್ನು ಉಳಿದ ತೊಂದರೆ ಬೀದಿಯ ಟಕಟಕ. ಪಟ್ಟರೆಗಳೆಲ್ಲ ಬಾಗಿಲು ಹಾಕುವುದು ಅಮಾವಾಸ್ಯೆಯ ದಿನ ಮಾತ್ರ. ನಮ್ಮ ಹಳ್ಳಿಯಲ್ಲಿ ಅಮಾವಾಸ್ಯೆ ದಿನ ಸೋಬಾನೆ ಎತ್ತಿದರೆ ಬಾಯಿಗೆ ಹುಣಸೆಬರಲಿನ ಏಟು ಬೀಳುತ್ತಿತ್ತು. ದೊಡ್ಡಮ್ಮ ಒಂದು ಗಳಿಗೆ ಯೋಚಿಸಿ, ಇದು ಸೇಲಂ, ತಮಿಳಿನವರಿಗೆ ಅಮಾವಾಸ್ಯೆ ನಲ್ಲ ನಾಳ್, ಒಳ್ಳೆಯ ದಿನ ತಾನೆ, ಊರಿಗೆ ತಕ್ಕ ಪಂಚಾಂಗ ಎಂದು ತೀರ್ಮಾನ ಕೊಟ್ಟಳು. ಅವತ್ತು ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಮೈಕು ನಿಲ್ಲಿಸಲು ಏನೂ ಇರಲಿಲ್ಲ, ಅಕ್ಕಿ ತುಂಬಿದ ಪಾವಿನಲ್ಲಿ ನೆಟ್ಟೆ. ಅದಕ್ಕೊಂದು ಕುಂಕುಮದ ಬೊಟ್ಟು ಇಡು ಅಂದಳು. ತಾನು ಇಡಲಿಲ್ಲ.

ಬೀದಿಯ ಅಷ್ಟು ನಿಶ್ಶಬ್ದಕ್ಕೆ ನಾನು ಹಿಂದೆ ಕಿವಿಗೊಟ್ಟಿರಲಿಲ್ಲ. ಬಿಸಿಲಿನ ಕೋಲು ಅವಳ ಮಡಿಲಿಗೆ ಬಿದ್ದಿತ್ತು. ಅವಳು ಕಣ್ಣು ಮುಚ್ಚಿ ಎತ್ತಿದಳು:

"ಹೊಳೆಯ ದಾಟಿ ಬಂದಾಳೆ ಮದುಮಗಳು, ಹರಿಗೋಲ ತುಂಬ ಅರಿಸಿನ..."

ಅಲ್ಲಿಗೆ ನಿಲ್ಲಿಸಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಸದ್ದಿಲ್ಲ. ಮರೆತಳೇನೋ ಎಂದು ನಾನು ಗಾಬರಿಯಾದೆ. ಅಷ್ಟರಲ್ಲಿ ಮುಂದಿನ ಸಾಲು ಬಂತು, ಮತ್ತೆ ಮೌನ, ಮತ್ತೆ ಸಾಲು. ಪರದೆಯ ಮೇಲೆ ಒಂದು ಗುಡ್ಡ, ಒಂದು ಬಯಲು, ಮತ್ತೊಂದು ಗುಡ್ಡ ಹೀಗೆ ಮೂಡುತ್ತಾ ಹೋಯಿತು. ಪೆನ್ನಾಗರದ ಬಸ್ಸಿನ ಕಿಟಕಿಯಿಂದ ಕಾಣುವ ಹಾಗೆಯೇ ಇತ್ತು. ನಾನು ಹಾಡು ಕೇಳುವುದನ್ನೂ ಮರೆತು ಅದನ್ನೇ ನೋಡುತ್ತಾ ಕುಳಿತಿದ್ದೆ.

ಕೀಬೋರ್ಡಿನ ಹುಡುಗ ಕೇಳಿ ತಲೆ ಕೊಡವಿದ. ನಡುವೆ ಇಷ್ಟು ಖಾಲಿ ಬಿಟ್ಟರೆ ಟೇಪು ಕೆಟ್ಟಿತು ಅಂದುಕೊಳ್ಳುತ್ತಾರೆ, ಬಯಲುಗಳನ್ನೆಲ್ಲ ಕತ್ತರಿಸಿ ಗುಡ್ಡಗಳನ್ನು ಸೇರಿಸಿಕೊಡುತ್ತೇನೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿಕೊಟ್ಟ, ಮೇಲಿಂದ ಒಂದಿಷ್ಟು ಎಕೋ ಬೇರೆ. ಹಾಡು ಅಚ್ಚುಕಟ್ಟಾಗಿತ್ತು, ಅರ್ಧಕ್ಕರ್ಧ ಚಿಕ್ಕದಾಗಿತ್ತು. ದೊಡ್ಡಮ್ಮನಿಗೆ ಹಾಕಿ ತೋರಿಸಿದೆ. ಅವಳು ಬೆರಳ ನಡುವಿನ ಗೆಜ್ಜೆಯನ್ನು ಹಾಗೇ ಹಿಡಿದು ಕೇಳಿದಳು.

"ಇವ್ಳು ಯಾರೋ ಒಬ್ಳೇ ಓಡ್ತಾವ್ಳೆ ಕಣ್ಣು," ಅಂದಳು ಮೆಲ್ಲಗೆ. "ಸೊಲ್ಲು ಇಡಿಯೋರು ಎಲ್ಲಿಂದ ಬರ್ಬೇಕು? ಜಾಗವೇ ಇಲ್ವಲ್ಲ."

ಪುಣ್ಯಕ್ಕೆ ಮೊದಲಿನದನ್ನು ಅಳಿಸಿರಲಿಲ್ಲ. ಕಂಪ್ಯೂಟರಿನಿಂದ ಟೇಪ್ ರೆಕಾರ್ಡರಿಗೆ ವೈರು ಎಳೆದು, ಬಯಲುಗಳ ಸಮೇತ ಕ್ಯಾಸೆಟ್ಟಿಗೆ ಇಳಿಸಿದೆ. ಮೌನವನ್ನು ಕೇಳಲು ಯಾರು ಬರುತ್ತಾರೆಂದು ಒಳಗೊಳಗೇ ಹೆದರಿಕೆಯಿತ್ತು.

ಅಕ್ಕನನ್ನು ಹಸೆಗೆ ಕೂರಿಸಿದರು. ನಾನು ಮೈಕ್‌ಸೆಟ್ಟಿನವನ ಕೈಗೆ ಕ್ಯಾಸೆಟ್ ಕೊಟ್ಟೆ. ತೆಂಗಿನಮರಕ್ಕೆ ಕಟ್ಟಿದ್ದ ಹಾರನ್ನಿನಿಂದ ದೊಡ್ಡಮ್ಮನ ಧ್ವನಿ ಹೊರಟು ಚಪ್ಪರದ ಮೇಲೆಲ್ಲ ಹರಡಿತು. ಅಕ್ಕ ತಲೆ ಎತ್ತಿದಳು. ಸೋದರತ್ತೆ ಅರಿಸಿನದ ಬಟ್ಟಲು ಹಿಡಿದು ನನ್ನ ಕಡೆ ತಿರುಗಿ ನೋಡಿದಳು. ಮೊದಲ ಸಾಲು ಮುಗಿಯಿತು. ಮೌನ. ಯಾರೂ ತುಟಿ ಬಿಚ್ಚಲಿಲ್ಲ. ಎರಡನೆಯ ಸಾಲು, ಮತ್ತೆ ಮೌನ. ಟೇಪು ಸಿಕ್ಕಿಕೊಂಡಿತೆಂದು ಮೈಕ್‌ಸೆಟ್ಟಿನವನು ಓಡಿದ. ಮೂರನೆಯ ಸಾಲು ಮುಗಿದಾಗ, ಕೈಯಲ್ಲಿ ಅರಿಸಿನ ಕಲಸುತ್ತಲೇ, ಯಾರ ಮುಖವನ್ನೂ ನೋಡದೆ ಸೋದರತ್ತೆ ಸೊಲ್ಲು ಹಿಡಿದಳು: "ಸೋಬಾನವೇ, ನಮ್ಮ ಸೋಬಾನವೇ." ಹಿಂದಿನಿಂದ ಒಬ್ಬೊಬ್ಬರೇ ಮುದುಕಿಯರು ಸೇರಿದರು. ಅವರ ಸೊಲ್ಲು ಮುಗಿಯುತ್ತಿದ್ದಂತೆ ಮೇಲಿನಿಂದ ದೊಡ್ಡಮ್ಮ ಮುಂದಿನ ಸಾಲು ಎತ್ತಿಕೊಂಡಳು.

ನಾನು ಹಿತ್ತಲಿಗೆ ಓಡಿದೆ. ಒಲೆಗಳ ಹೊಗೆಯ ನಡುವೆ ಅವಳು ಸಿಹಿಗುಂಬಳ ಹೆಚ್ಚುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ನನ್ನನ್ನು ನೋಡಿ ನಕ್ಕಳು.

"ನಿಮ್ಮತ್ತೆ ಸೊಲ್ಲು ವಸಿ ಎಳೀತಾಳೆ, ಮೊದ್ಲಿಂದ್ಲೂ ಅಂಗೇ. ಅದ್ಕೇ ನಾನು ವಸಿ ಜಾಸ್ತಿ ಜಾಗ ಬಿಟ್ಟಿದ್ದು."

ಅಮಾವಾಸ್ಯೆಯ ಆ ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಅವಳು ಯಾರಿಗಾಗಿ ಕಾಯುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು. ತನ್ನನ್ನು ಹಿತ್ತಲಿಗೆ ಕಳಿಸಿದವಳ ಉಸಿರಿನ ಅಳತೆ ಅವಳಿಗೆ ನೆನಪಿತ್ತು.

ಆ ಕ್ಯಾಸೆಟ್ ಆಮೇಲೆ ಮನೆಯಿಂದ ಮನೆಗೆ, ಹೊಳೆಯಾಚೆಗೂ ಹೋಗಿ ಬಂತು. ಅವಳು ಕಾಲಿಡಲಾಗದ ಎಷ್ಟೋ ಹಸೆಗಳ ಮೇಲೆ ಅವಳ ಪದ ಇಳಿಯಿತು. ನನ್ನ ಮದುವೆಯ ಹೊತ್ತಿಗೆ ಅವಳೇ ಇರಲಿಲ್ಲ. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ತೊಳೆದು ಮಲಗಿಸಿದಾಗಲೂ ಆ ಎರಡು ಬೆರಳು ಕಪ್ಪಗೇ ಇದ್ದವು. ಅವುಗಳನ್ನು ನಾನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಹಸೆಯ ಮೇಲೆ ಕೂತ ಮದುಮಗಳು ತನ್ನ ಸೋಬಾನೆಯನ್ನು ತಾನೇ ಹಾಡುವಂತಿಲ್ಲ. ಹಾಗಾಗಿ ನನ್ನ ಅರಿಸಿನದ ದಿನ ಹಾರನ್ನಿನಿಂದ ಅವಳು ಕರೆಯುತ್ತಿದ್ದರೂ ತಲೆ ತಗ್ಗಿಸಿ ಕುಳಿತಿದ್ದೆ.

ಅವಳು ಆರಿಸಿದ ಸಾಫ್ಟ್‌ವೇರ್ ಈಗಿನ ಯಾವ ಕಂಪ್ಯೂಟರಿನಲ್ಲೂ ನಡೆಯುವುದಿಲ್ಲ. ಪದ ಉಳಿದಿದೆ. ಮೊನ್ನೆ ಒಂದು ಅಮಾವಾಸ್ಯೆಯ ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಇದ್ದಾಗ ಹಾಕಿದೆ. ಹೊಳೆ ದಾಟಿ ಮದುಮಗಳು ಬಂದಳು, ಹರಿಗೋಲ ತುಂಬ ಅರಿಸಿನ ಬಂತು, ಆಮೇಲೆ ಆ ಮೌನ. ರಾಗ ಹಿಡಿಯಲು ನನಗೆ ಇವತ್ತಿಗೂ ಬಾರದು. ಆದರೂ ಬಾಯಿ ತೆರೆದು ಸೊಲ್ಲು ಹೇಳಿದೆ, ಅತ್ತೆಯ ಹಾಗೆಯೇ ಸ್ವಲ್ಪ ಎಳೆದೆ. ದೊಡ್ಡಮ್ಮ ನಾನು ಮುಗಿಸುವವರೆಗೂ ಕಾದಿದ್ದು, ಮುಂದಿನ ಸಾಲು ಎತ್ತಿದಳು.